ವಶಪಡಿಸಿಕೊಂಡ ಬಿ-17 ಮತ್ತೆ ಹಾರಿದ್ದು ಹೇಗೆ? ಹಾಸನದ ಪ್ರದರ್ಶನಕ್ಕೆ ಸರಿಯಾದ ಮಾಹಿತಿ ಬೇಕು

ಹೇಮಾವತಿ_72 (ಹಾಸನ):

ಹಾಸನದಲ್ಲಿ ನಡೆಯುವ ಕಾಲೇಜು ವಿಜ್ಞಾನ ಪ್ರದರ್ಶನಕ್ಕೆ ವಿದ್ಯಾರ್ಥಿಗಳ ತಂಡವೊಂದು 1/72 ಅಳತೆಯ ಬಿ-17ಎಫ್ (ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್) ಮಾದರಿ ಕಟ್ಟುತ್ತಿದೆ. ಅಮೆರಿಕದ ಗುರುತಿನಲ್ಲಿ ಅಲ್ಲ, ಜರ್ಮನ್ನರು ಹಿಡಿದು ಹಾರಿಸಿದ 'ವುಲ್ಫ್-ಹೌಂಡ್' ರೂಪದಲ್ಲಿ. ಪಕ್ಕದಲ್ಲಿ ಎರಡು ಫಲಕ ಇರುತ್ತವೆ. ಈಗಿನ ಕರಡಿನಲ್ಲಿ ಹೀಗಿದೆ: "ಜರ್ಮನ್ನರು ಈ ವಿಮಾನ ಹಿಡಿದರು, ಅದರಿಂದಲೇ ಎದುರಿನಿಂದ ದಾಳಿ ಮಾಡುವ ತಂತ್ರ ಕಲಿತರು, ಆಮೇಲೆ ಅದರಲ್ಲೇ ಅಮೆರಿಕನ್ ವಿಮಾನಗಳ ಗುಂಪಿನೊಳಗೆ ನುಸುಳಿದರು." ಓದಲು ಚೆನ್ನಾಗಿದೆ, ಆದರೆ ಎಷ್ಟು ನಿಜ?

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದು. ಕೈಪಿಡಿ ಇಲ್ಲ, ಬಿಡಿಭಾಗ ಇಲ್ಲ, ಬೋಲ್ಟು ಬೇರೆ, ಪೆಟ್ರೋಲು ಬೇರೆ. ಇಷ್ಟೆಲ್ಲ ಇದ್ದೂ ನಾಲ್ಕು ಎಂಜಿನ್ನಿನ ವಿಮಾನ ಎದ್ದದ್ದು ಹೇಗೆ? ನಮ್ಮ ದೇಶಕ್ಕೆ ಹತ್ತಿರದ ಉದಾಹರಣೆ ಇದ್ದರೆ ಎರಡನೇ ಫಲಕಕ್ಕೆ ಹಾಕಬಹುದು. ಬಣ್ಣದ ಕೆಲಸ ಆಗಸ್ಟಿನಲ್ಲಿ, ಅಂದರೆ ಮಳೆಯಲ್ಲೇ. ಅದಕ್ಕೂ ಸಲಹೆ ಇರಲಿ.

ಇಂಚಿನ_ಪಾನಾ (ಚಿಕ್ಕಮಗಳೂರು):

ಎರಡನೇ ಪ್ರಶ್ನೆಯೇ ನಿಜವಾದ ಪ್ರಶ್ನೆ. ಅದರಿಂದ ಶುರು ಮಾಡೋಣ.

ಮೊದಲು ಬೋಲ್ಟು. ಅಮೆರಿಕದ ವಿಮಾನ ಪೂರ್ತಿ ಇಂಚಿನದು, ಜರ್ಮನ್ ಗ್ಯಾರೇಜು ಪೂರ್ತಿ ಮಿಲಿಮೀಟರಿನದು. ಅಮೆರಿಕನ್ನರ ಎಎನ್-4 (ವಿಮಾನದ ಬೋಲ್ಟಿನ ಒಂದು ಪ್ರಮಾಣಿತ ಅಳತೆ) ಬೋಲ್ಟಿನ ಕಾಂಡ ಕಾಲು ಇಂಚು, ಅಂದರೆ 6.35 ಮಿ.ಮೀ. ಅದರ ನಟ್ಟಿನ ಅಗಲ 7/16 ಇಂಚು, 11.11 ಮಿ.ಮೀ. 11ರ ಪಾನಾ ತೀರಾ ಬಿಗಿ, ಕೆಲವು ನಟ್ಟಿಗೆ ಕೂರುವುದೇ ಇಲ್ಲ; 12ರದ್ದು ಜಾರಿ ನಟ್ಟಿನ ಮೂಲೆಗಳನ್ನು ದುಂಡಗೆ ಮಾಡುತ್ತದೆ. ಎಎನ್-5ರ ನಟ್ಟಿನ ಅಗಲ ಅರ್ಧ ಇಂಚು, 12.7 ಮಿ.ಮೀ. ಅಲ್ಲಿ 13ರ ಪಾನಾ ಹೇಗೋ ಹಿಡಿಯುತ್ತದೆ, ಜೋರು ಹಾಕಿದರೆ ಅದೂ ಜಾರುತ್ತದೆ. ಈ ಕಡೆಯ ತೋಟಗಳಲ್ಲಿ ಬ್ರಿಟಿಷರ ಕಾಲದ ಪಲ್ಪರ್ (ಕಾಫಿ ಹಣ್ಣು ಸುಲಿಯುವ ಯಂತ್ರ) ಬಿಚ್ಚಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾನಾ ಹೊಸದಾಗಿ ಮಾಡಿಕೊಳ್ಳಬಹುದು. ಅಪಾಯ ಇರುವುದು ಬೋಲ್ಟು ಬದಲಾಯಿಸುವಾಗ. 6.35ರ ತೂತಿಗೆ 6 ಮಿ.ಮೀ. ಬೋಲ್ಟು ಸಲೀಸಾಗಿ ಇಳಿದುಬಿಡುತ್ತದೆ. ಕಣ್ಣಿಗೆ ಸರಿ ಕಾಣುತ್ತದೆ, ಆದರೆ ಬಿಗಿಯಾಗಿ ಕೂತಿರಬೇಕಾದ ಜಾಗದಲ್ಲಿ 0.35 ಮಿ.ಮೀ. ಸಡಿಲ. ಎಂಜಿನ್ ಅದುರಿದಷ್ಟೂ ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ಕೊನೆಗೆ ತಗಡು ಹರಿಯುತ್ತದೆ. ತಿರುಪಿನ ಹಲ್ಲೂ ಹೊಂದುವುದಿಲ್ಲ: ಎಎನ್-4ರಲ್ಲಿ ಇಂಚಿಗೆ 28 ಹಲ್ಲು, ಅಂದರೆ ಹಲ್ಲಿನಿಂದ ಹಲ್ಲಿಗೆ 0.907 ಮಿ.ಮೀ.; 6 ಮಿ.ಮೀ. ಬೋಲ್ಟಿನಲ್ಲಿ 1 ಮಿ.ಮೀ. ಹಾಗಾಗಿ ಹಿಡಿದ ವಿಮಾನಕ್ಕೆ ನಂಬಿಕೆಯ ಬಿಡಿಭಾಗ ಅಂದರೆ ಬಿದ್ದ ಇನ್ನೊಂದು ಬಿ-17. ಯುರೋಪಿನ ನೆಲದಲ್ಲಿ ಅವುಗಳಿಗೆ ಕೊರತೆ ಇರಲಿಲ್ಲ.

ಎರಡನೆಯದು ಪೆಟ್ರೋಲು. ನನ್ನ ಪ್ರಕಾರ ಫಲಕದಲ್ಲಿ ಇದಕ್ಕೇ ಹೆಚ್ಚು ಜಾಗ ಕೊಡಬೇಕು. ಬಿ-17ಎಫ್‌ನಲ್ಲಿ ನಾಲ್ಕು ರೈಟ್ ಆರ್-1820-97 ಸೈಕ್ಲೋನ್ ಎಂಜಿನ್. ಒಂದೊಂದಕ್ಕೆ 9 ಸಿಲಿಂಡರ್, ಸುಮಾರು 29.9 ಲೀಟರ್, ಏರುವಾಗ 1200 ಅಶ್ವಶಕ್ತಿ. ಆ ಶಕ್ತಿ ಬರುವುದು ನಿಮಿಷಕ್ಕೆ 2500 ಸುತ್ತು ಮತ್ತು 46 ಇಂಚು ಪಾದರಸದ ಮ್ಯಾನಿಫೋಲ್ಡ್ ಒತ್ತಡದಲ್ಲಿ (ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ), ಅದೂ 100 ಆಕ್ಟೇನ್ ದರ್ಜೆಯ ಇಂಧನ ಇದ್ದರೆ ಮಾತ್ರ. ಆಕ್ಟೇನ್ ಹೆಚ್ಚಿದಷ್ಟೂ ಇಂಧನ ಹೊತ್ತಿಗೆ ಮುಂಚೆ ಸಿಡಿಯುವುದು ಕಡಿಮೆ. ಜರ್ಮನ್ನರ ಸಾಮಾನ್ಯ ಇಂಧನ ಬಿ4, 87 ಆಕ್ಟೇನ್. ಸಿ3 ಎಂಬ ಮೇಲ್ದರ್ಜೆಯದು ಇತ್ತು, ಆದರೆ ಫೋಕೆ-ವುಲ್ಫ್ 190 ಫೈಟರಿನ ಬಿಎಂಡಬ್ಲ್ಯು 801 ಎಂಜಿನ್ನಿಗೂ ಅದೇ ಬೇಕು. ಬಾಂಬರ್ ಒಂದೇ ಹಾರಾಟಕ್ಕೆ ಸಾವಿರಾರು ಲೀಟರ್ ಕುಡಿಯುತ್ತದೆ.

87ರ ಇಂಧನ ಹಾಕಿ 46 ಇಂಚು ಒತ್ತಡ ಕೊಟ್ಟರೆ ಏನಾಗುತ್ತದೆ? ಚಾರ್ಮಾಡಿ ಘಾಟಿ ಏರುವಾಗ ಗೇರು ಇಳಿಸದೆ ಆಕ್ಸಿಲರೇಟರ್ ಎಳೆದರೆ ಬೈಕು ಟಕಟಕ ಬಡಿಯುತ್ತಲ್ಲ, ಅದೇ. ಬೆಂಕಿ ಕಿಡಿಯಿಂದ ಕ್ರಮವಾಗಿ ಹರಡುವ ಬದಲು ಮೂಲೆಯಲ್ಲಿ ಉಳಿದ ಮಿಶ್ರಣ ಒಮ್ಮೆಲೇ ಸಿಡಿಯುತ್ತದೆ. ಬೈಕಿನಲ್ಲಿ ಕಿವಿಗೆ ಕೇಳುತ್ತದೆ; ನಾಲ್ಕು ಸೈಕ್ಲೋನಿನ ಗದ್ದಲದಲ್ಲಿ ಕೇಳುವುದಿಲ್ಲ. ಸಿಲಿಂಡರ್ ತಲೆಯ ತಾಪಮಾಪಕ ಏರುವುದು ಕಂಡರೆ ಪುಣ್ಯ. ಕಾಣದಿದ್ದರೆ ಪಿಸ್ಟನ್ನಿನ ತಲೆ ಕರಗಿ ತೂತಾಗುತ್ತದೆ, ಇಲ್ಲವೇ ರಿಂಗ್ ಅಂಟಿಕೊಂಡು ಎಣ್ಣೆ ಉಗುಳುತ್ತದೆ. ಪರಿಹಾರ ಒಂದೇ: ಒತ್ತಡ ಇಳಿಸಿ, ಶಕ್ತಿ ಬಿಟ್ಟುಕೊಟ್ಟು, ಭಾರ ಕಡಿಮೆ ಮಾಡಿ ಹಾರಿಸುವುದು. ಬಾಂಬು ಹೊರಬೇಕಾಗಿಲ್ಲ, ಎಲ್ಲ ಬಂದೂಕೂ ಬೇಕಾಗಿಲ್ಲ ಎಂದರೆ ಅದು ಸಾಧ್ಯ.

ಎದುರು ದಿಕ್ಕಿನಲ್ಲಿ, ಅಂದರೆ ಬ್ರಿಟಿಷರು ಜರ್ಮನ್ ವಿಮಾನ ಹಾರಿಸುವಾಗ, ಈ ತೊಂದರೆ ಇಲ್ಲ. 87ಕ್ಕೆ ಮಾಡಿದ ಜರ್ಮನ್ ಯುಂಕರ್ಸ್ ಎಂಜಿನ್ನಿಗೆ ಬ್ರಿಟಿಷರ 100 ಆಕ್ಟೇನ್ ಹಾಕಿದರೆ ಅದು ಬಡಿಯುವುದಿಲ್ಲ. ಸೀಸದ ಅಂಶ ಹೆಚ್ಚಾದರೆ ಪ್ಲಗ್ಗು ಕಟ್ಟಿಕೊಳ್ಳಬಹುದು, ಬಿಚ್ಚಿ ತೊಳೆದರೆ ಮುಗಿಯಿತು.

ಮೂರನೆಯದು ಹೊಟ್ಟೆಯ ಮೇಲೆ ಇಳಿದ ವಿಮಾನ. ಚಕ್ರ ಇಳಿಯದೆ ನೆಲ ಮುಟ್ಟಿದರೆ ಪ್ರೊಪೆಲ್ಲರ್ ಅಲಗು ಮಡಚಿಕೊಳ್ಳುತ್ತದೆ. ಅಲಗು ಬದಲಾಯಿಸಿ ಎಂಜಿನ್ ಚಾಲೂ ಮಾಡಿದವರು ಕೆಡುತ್ತಾರೆ. ತಿರುಗುತ್ತಿದ್ದ ಎಂಜಿನ್ ತಟ್ಟನೆ ನಿಂತ ಪೆಟ್ಟು ಒಳಗೆ ಹೋಗಿರುತ್ತದೆ. ಪ್ರೊಪೆಲ್ಲರ್ ಶಾಫ್ಟು ಓಲಾಡುತ್ತದೆಯೇ ಎಂದು ಡಯಲ್ ಗೇಜಿನಲ್ಲಿ ನೋಡಬೇಕು, ಮುಂದಿನ ಗೇರ್ ಪೆಟ್ಟಿಗೆ ಬಿಚ್ಚಬೇಕು, ಎಣ್ಣೆ ಜಾಲರಿಯಲ್ಲಿ ಲೋಹದ ಚೂರು ಹುಡುಕಬೇಕು. ಬಿ-17ಕ್ಕೆ ಇನ್ನೊಂದು ಕಷ್ಟ ಇದೆ: ಹೊಟ್ಟೆಯ ಗೋಲ ಗನ್ ಗೋಪುರ. ಅದನ್ನು ಕಳಚಿ ಬೀಳಿಸದೆ ಇಳಿದರೆ ಅದು ಮೇಲಕ್ಕೆ ಒತ್ತಿ ವಿಮಾನದ ಬೆನ್ನನ್ನೇ ಮುರಿಯುತ್ತದೆ. ಅಂಥದ್ದು ಬಿಡಿಭಾಗಕ್ಕೆ ಮಾತ್ರ.

ಜರ್ಮನ್ನರಿಗೆ ಸೈಕ್ಲೋನ್ ಪೂರ್ತಿ ಅಪರಿಚಿತ ಆಗಿರಲಿಲ್ಲ ಎನ್ನುವುದನ್ನೂ ಸೇರಿಸಿ. 1940ರಲ್ಲಿ ಹಾಲೆಂಡ್ ಬಿದ್ದಾಗ ಕೈಗೆ ಬಂದ ಡಗ್ಲಸ್ ಪ್ರಯಾಣಿಕ ವಿಮಾನಗಳಲ್ಲೂ ಇದೇ ಕುಟುಂಬದ ಎಂಜಿನ್ ಇತ್ತು. ಟರ್ಬೊ (ಎತ್ತರದಲ್ಲಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಮಾತ್ರ ಹೊಸದು.

ಕಡೂರು_ಜಂಕ್ಷನ್:

ಕರಡಿನ ಮೂರು ಮಾತಿನಲ್ಲಿ ಮೊದಲನೆಯದು ಸರಿ, ಉಳಿದೆರಡನ್ನು ತೆಗೆಯಿರಿ.

ವುಲ್ಫ್-ಹೌಂಡ್ ಸಂಖ್ಯೆ 41-24585, ಅಮೆರಿಕದ 303ನೇ ಬಾಂಬ್ ಗ್ರೂಪಿನದು. 1942ರ ಡಿಸೆಂಬರ್ 12ರಂದು ಫ್ರಾನ್ಸಿನ ರುವಾಂ ರೈಲು ಅಂಗಳದ ಮೇಲಿನ ದಾಳಿಯಲ್ಲಿ ಪೆಟ್ಟು ತಿಂದು ಶತ್ರುನೆಲದಲ್ಲಿ ಇಳಿಯಿತು. ಜರ್ಮನ್ನರ ಕೈಗೆ ಹಾರಿಸಬಹುದಾದ ಸ್ಥಿತಿಯಲ್ಲಿ ಸಿಕ್ಕ ಮೊದಲ ಬಿ-17 ಇದು. 1943ರಲ್ಲಿ ರೆಶ್ಲಿನ್ ಪರೀಕ್ಷಾ ಕೇಂದ್ರದಲ್ಲಿ ಅದನ್ನು ಹಾರಿಸಿ ಅಳೆದರು, ಆಮೇಲೆ ಫೈಟರ್ ನೆಲೆಗಳಿಗೆ ಒಯ್ದು ಪೈಲಟ್‌ಗಳಿಗೆ ತೋರಿಸಿದರು.

ಆದರೆ ಎದುರಿನಿಂದ ನುಗ್ಗುವ ದಾಳಿ ಅದಕ್ಕಿಂತ ಹಿಂದಿನದು. ಜರ್ಮನ್ ಫೈಟರ್ ಪೈಲಟ್ ಎಗೊನ್ ಮೈಯರ್ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು 1942ರ ನವೆಂಬರ್ 23ರಂದು, ಫ್ರಾನ್ಸಿನ ಸೆಂಟ್ ನಜೇರ್ ಬಂದರಿನ ಮೇಲೆ. ಅಂದರೆ ವಿಮಾನ ಸಿಗುವುದಕ್ಕೆ 19 ದಿನ ಮುಂಚೆ. ಮೂತಿಯಲ್ಲಿ ಬಂದೂಕು ಕಡಿಮೆ ಎಂಬುದು ಹೋರಾಟದಲ್ಲೇ ಗೊತ್ತಾಗಿತ್ತು. ಸಿಕ್ಕ ವಿಮಾನದಿಂದ ಆದ ಲಾಭ ಬೇರೆ: ಯಾವ ಬಂದೂಕು ಎಲ್ಲಿಯವರೆಗೆ ತಿರುಗುತ್ತದೆ, ಟ್ಯಾಂಕ್ ಎಲ್ಲಿದೆ, ರಕ್ಷಾ ತಗಡು ಎಲ್ಲಿಲ್ಲ ಎಂಬುದನ್ನು ಪೈಲಟ್ ಕೈಯಿಂದ ಮುಟ್ಟಿ ನೋಡಿದ.

ನುಸುಳುವ ಕತೆ ಜನಪ್ರಿಯ, ಆಧಾರ ತೆಳು. ಹಿಡಿದ ಬಿ-17ಗಳು ಮುಖ್ಯವಾಗಿ ಕೆಲಸ ಮಾಡಿದ್ದು ಕಾಂಪ್‌ಗೆಶ್ವಾಡರ್ 200 ಎಂಬ ವಿಶೇಷ ದಳದಲ್ಲಿ. ಅದು ರೂಪುಗೊಂಡದ್ದು 1944ರ ಫೆಬ್ರವರಿಯಲ್ಲಿ. ಕೆಲಸ ರಾತ್ರಿಯದು: ಶತ್ರುರೇಖೆಯ ಹಿಂದೆ ಗೂಢಚಾರರನ್ನು ಮತ್ತು ಸಾಮಾನನ್ನು ಪ್ಯಾರಾಚೂಟಿನಲ್ಲಿ ಇಳಿಸುವುದು. ಮೂವರನ್ನು ಒಟ್ಟಿಗೆ ಬೀಳಿಸುವ ಕೊಳವೆಯಾಕಾರದ ಪೆಟ್ಟಿಗೆಯೂ ಅವರಲ್ಲಿತ್ತು. ಗುಟ್ಟಿಗಾಗಿ ಬಿ-17ಕ್ಕೆ 'ಡಾರ್ನಿಯರ್ 200' ಎಂಬ ಸುಳ್ಳು ಹೆಸರು ಕೊಟ್ಟಿದ್ದರು. ಎ3+ಎಫ್‌ಬಿ ಗುರುತಿನ ಒಂದು ವಿಮಾನ 1944ರ ಜೂನ್ 27ರಂದು ಸ್ಪೇನಿನ ವಲೆನ್ಸಿಯಾದಲ್ಲಿ ಇಳಿದು, ಯುದ್ಧ ಮುಗಿಯುವವರೆಗೂ ಅಲ್ಲೇ ಉಳಿಯಿತು. ಒಟ್ಟು ನಲವತ್ತರ ಆಸುಪಾಸು ಬಿ-17 ಕೈಗೆ ಸಿಕ್ಕರೂ ಮತ್ತೆ ಹಾರಿದ್ದು ಸುಮಾರು ಒಂದು ಡಜನ್. ಉಳಿದವು ಎಲ್ಲಿ ಹೋದವು ಎಂಬುದಕ್ಕೆ ಮೇಲಿನ ಉತ್ತರ ಓದಿ.

ಶತ್ರುವಿನ ವಿಮಾನವೇ ಯಾಕೆ ಬೇಕಿತ್ತು ಎಂದು ಮಕ್ಕಳು ಕೇಳುತ್ತಾರೆ. ಜರ್ಮನ್ನರಲ್ಲಿ ನಂಬಿಕೆಯ ನಾಲ್ಕು ಎಂಜಿನ್ ದೂರಗಾಮಿ ವಿಮಾನ ತೀರಾ ಕಡಿಮೆ. ಹೈಂಕೆಲ್ 177ರಲ್ಲಿ ಎರಡೆರಡು ಎಂಜಿನ್ ಜೋಡಿಸಿ ಒಂದೇ ಪ್ರೊಪೆಲ್ಲರ್ ತಿರುಗಿಸಿದ್ದರು, ಅದು ಬೆಂಕಿ ಹಿಡಿಯುವುದಕ್ಕೇ ಹೆಸರಾಯಿತು. ಫೋಕೆ-ವುಲ್ಫ್ 200 ಪ್ರಯಾಣಿಕ ವಿಮಾನವಾಗಿ ಹುಟ್ಟಿದ್ದು, ಯುದ್ಧದ ಭಾರಕ್ಕೆ ಬೆನ್ನು ಗಟ್ಟಿ ಇರಲಿಲ್ಲ. ಬಿ-17 ದೂರ ಹೋಗುತ್ತಿತ್ತು, ಒಂದು ಎಂಜಿನ್ ನಿಂತರೂ ಮನೆಗೆ ಬರುತ್ತಿತ್ತು. ಆಕಾಶದಲ್ಲಿ ಅದರ ಆಕಾರ ನೋಡಿ ವೈರಿಯ ಕಾವಲುಗಾರ ಒಂದು ಗಳಿಗೆ ತಡೆದರೆ ಅದು ಉಪಲಾಭ.

ಹೇಮಾವತಿ_72:

19 ದಿನದ ಲೆಕ್ಕ ನೇರವಾಗಿ ಫಲಕಕ್ಕೆ ಹೋಗುತ್ತದೆ. ಕರಡು ಬದಲಾಯಿಸಿದೆವು. ಬ್ರಿಟಿಷರು ಜರ್ಮನ್ ಬಾಂಬರ್ ಹಿಡಿದು ಹಾರಿಸಿದ್ದಕ್ಕೂ ಒಂದೆರಡು ಗಟ್ಟಿ ಉದಾಹರಣೆ ಸಿಗುತ್ತದೆಯೇ? ಜಪಾನಿನದೂ?

ಕಡೂರು_ಜಂಕ್ಷನ್:

ಬ್ರಿಟಿಷರದು ಹೆಚ್ಚು ವ್ಯವಸ್ಥಿತ. 1426ನೇ ಫ್ಲೈಟ್ ಎಂಬ ಪ್ರತ್ಯೇಕ ತಂಡವೇ ಇತ್ತು. 1940ರ ಫೆಬ್ರವರಿ 9ರಂದು ಸ್ಕಾಟ್ಲೆಂಡಿನಲ್ಲಿ ಇಳಿದ ಜರ್ಮನ್ ಬಾಂಬರ್ ಹೈಂಕೆಲ್ 111ಕ್ಕೆ ಎಡಬ್ಲ್ಯು177 ಎಂಬ ಬ್ರಿಟಿಷ್ ಸಂಖ್ಯೆ ಕೊಟ್ಟು, ನೆಲೆಯಿಂದ ನೆಲೆಗೆ ಹಾರಿಸಿ ತೋರಿಸಿದರು. 1943ರ ನವೆಂಬರ್ 10ರಂದು ಇಂಗ್ಲೆಂಡಿನ ಪೋಲ್‌ಬ್ರೂಕ್‌ನಲ್ಲಿ ಅದು ಬಿದ್ದು ಒಳಗಿದ್ದವರಲ್ಲಿ ಹಲವರು ಸತ್ತರು. ಇಂಥ ವಿಮಾನಕ್ಕೆ ದೊಡ್ಡ ಅಪಾಯ ತನ್ನದೇ ಕಡೆಯ ವಿಮಾನವಿರೋಧಿ ತೋಪು. ಅದಕ್ಕೇ ಅಡಿಭಾಗಕ್ಕೆ ಹಳದಿ ಬಳಿದು, ಜೊತೆಗೆ ತಮ್ಮ ಫೈಟರ್‌ಗಳನ್ನು ಕಳಿಸುತ್ತಿದ್ದರು. ಜರ್ಮನ್ನರೂ ವುಲ್ಫ್-ಹೌಂಡಿನ ಅಡಿಗೆ ಬಳಿದದ್ದು ಹಳದಿಯನ್ನೇ.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು 1944ರ ಜುಲೈ 13ರ ಪ್ರಸಂಗ. ಯುಂಕರ್ಸ್ 88 ಬಾಂಬರ್ ಆಗಿ ಹುಟ್ಟಿ ರಾತ್ರಿ ಫೈಟರ್ ಆದ ವಿಮಾನ. ಅದರ ಜಿ-1 ಮಾದರಿಯೊಂದು ದಾರಿ ತಪ್ಪಿ ಇಂಗ್ಲೆಂಡಿನ ವುಡ್‌ಬ್ರಿಜ್‌ನಲ್ಲಿ ಇಳಿಯಿತು. ಒಳಗೆ ಎಸ್‌ಎನ್-2 ರೇಡಾರ್ ಜೊತೆಗೆ 'ಫ್ಲೆನ್ಸ್‌ಬರ್ಗ್' ಎಂಬ ಗ್ರಾಹಕ ಇತ್ತು. ಬ್ರಿಟಿಷ್ ಬಾಂಬರುಗಳ ಬಾಲದಲ್ಲಿ ಹಿಂದಿನಿಂದ ಬರುವವರನ್ನು ಎಚ್ಚರಿಸಲು 'ಮೋನಿಕಾ' ಎಂಬ ರೇಡಾರ್ ಇಟ್ಟಿದ್ದರಲ್ಲ, ಫ್ಲೆನ್ಸ್‌ಬರ್ಗ್ ಅದರ ಅಲೆಯನ್ನೇ ಹಿಡಿದು ದೂರದಿಂದ ದಾರಿ ತೋರಿಸುತ್ತಿತ್ತು. ಕಾಯಲು ಇಟ್ಟ ದೀಪವೇ ಕಳ್ಳನಿಗೆ ದಾರಿಯಾಗಿತ್ತು. ಬ್ರಿಟಿಷರು ಹಾರಿಸಿ ಪರೀಕ್ಷಿಸಿ, ಮೋನಿಕಾವನ್ನು ಬಾಂಬರುಗಳಿಂದ ಕಿತ್ತುಹಾಕಿದರು. ಇದೇ ಆಟ ತಿರುಗುಮುರುಗಾದದ್ದು 1943ರ ಫೆಬ್ರವರಿಯಲ್ಲಿ: ರಾಟರ್‌ಡ್ಯಾಮ್ ಹತ್ತಿರ ಬಿದ್ದ ಸ್ಟರ್ಲಿಂಗ್ ಬಾಂಬರಿನಲ್ಲಿ ಜರ್ಮನ್ನರಿಗೆ ಎಚ್2ಎಸ್ ರೇಡಾರ್ ಸಿಕ್ಕಿತು, ಅದರ ಅಲೆ ಹಿಡಿಯಲು 'ನಾಕ್ಸೋಸ್' ಎಂಬ ಗ್ರಾಹಕ ಬಂತು. ಆ ಸ್ಟರ್ಲಿಂಗ್ ಹಾರುವ ಸ್ಥಿತಿಯಲ್ಲೇ ಇರಲಿಲ್ಲ. ಫಲಕದಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಡಿ.

ಜಪಾನಿನವರು ಫಿಲಿಪ್ಪೀನ್ಸ್ ಮತ್ತು ಜಾವಾದಲ್ಲಿ ಸಿಕ್ಕ ತುಂಡುಗಳಿಂದ ಮೂರು ಬಿ-17 ಎಬ್ಬಿಸಿದರು: ಒಂದು ಡಿ, ಎರಡು ಇ ಮಾದರಿ. ಅವು ಪರೀಕ್ಷೆಗೆ, ಪೈಲಟ್ ತರಬೇತಿಗೆ ಬಳಕೆಯಾದವು.

ಸೋವಿಯತ್ ಟಿಯು-4 ಬಾಂಬರ್ ಸೇರಿಸಬೇಡಿ. ಅದು ತಮ್ಮ ನೆಲದಲ್ಲಿ ಇಳಿದ ಅಮೆರಿಕದ ಬಿ-29 ಬಾಂಬರ್‌ಗಳನ್ನು ತಡೆಹಿಡಿದು ಮಾಡಿದ ನಕಲು. ಆಗ ಅಮೆರಿಕ ಅವರ ಮಿತ್ರದೇಶ, ನಿಮ್ಮ ಶೀರ್ಷಿಕೆಗೆ ಹೊಂದುವುದಿಲ್ಲ.

ಸಕಲೇಶಪುರ_ಗಾಳಿ:

ದೇಶದ ಉದಾಹರಣೆ ಕೇಳಿದಿರಿ. ಹಾಸನದಿಂದ ನಾಲ್ಕು ಗಂಟೆ ದಾರಿಯಲ್ಲೇ ಇದೆ: ಬೆಂಗಳೂರಿನ ಎಚ್‌ಎಎಲ್ ಎಬ್ಬಿಸಿದ ಬಿ-24 ಲಿಬರೇಟರ್‌ಗಳು, ಇವೂ ನಾಲ್ಕು ಎಂಜಿನ್ನಿನ ಅಮೆರಿಕನ್ ಬಾಂಬರ್‌ಗಳೇ. ಶತ್ರುವಿನಿಂದ ಹಿಡಿದವಲ್ಲ, ಅದನ್ನು ಫಲಕದಲ್ಲಿ ಸ್ಪಷ್ಟವಾಗಿ ಬರೆಯಿರಿ. ಆದರೆ ಕೆಲಸದ ಕಷ್ಟ ಅದೇ ಜಾತಿಯದು: ಬೇರೆಯವರು ಬೇಕೆಂದೇ ಕೆಡಿಸಿ ಬಿಟ್ಟುಹೋದ ಬಾಂಬರನ್ನು ಮತ್ತೆ ಹಾರಿಸುವುದು.

ಬ್ರಿಟಿಷ್ ವಾಯುಪಡೆಗೆ ಲಿಬರೇಟರ್ ಬಂದದ್ದು ಅಮೆರಿಕದ ಲೆಂಡ್-ಲೀಸ್ ಒಪ್ಪಂದದಲ್ಲಿ, ಅಂದರೆ ಯುದ್ಧಕಾಲದ ಎರವಲಾಗಿ. ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕು, ಇಲ್ಲವೇ ಬಳಸದಂತೆ ಮಾಡಬೇಕು. ಕಾನ್ಪುರದಲ್ಲಿ ಸಾಲಾಗಿ ನಿಲ್ಲಿಸಿ ಉಪಕರಣ ಒಡೆದರು, ತಗಡಿಗೆ ತೂತು ಹೊಡೆದರು, ಎಂಜಿನ್ನಿಗೆ ಮರಳು ಸುರಿದರು. ಸ್ವಾತಂತ್ರ್ಯದ ನಂತರ ಭಾರತಕ್ಕೆ ಭಾರಿ ಬಾಂಬರ್ ಬೇಕಾದಾಗ ಎಚ್‌ಎಎಲ್ ಇವನ್ನು ತೆಗೆದುಕೊಂಡಿತು. ಕಾನ್ಪುರದಲ್ಲಿ ಒಂದು ಹಾರಾಟಕ್ಕೆ ಸಾಕಾಗುವಷ್ಟು ರಿಪೇರಿ. ಎಚ್‌ಎಎಲ್ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಪೂರ್ತಿ ಕೆಲಸ ಇಲ್ಲಿ. ಹೀಗೆ 42 ವಿಮಾನ ಎದ್ದವು. 1948ರ ನವೆಂಬರಿನಲ್ಲಿ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. ಆಮೇಲೆ 6ನೇ ಸ್ಕ್ವಾಡ್ರನ್ ಸಮುದ್ರದ ಕಾವಲಿಗೆ ಬಳಸಿತು, 1968ರವರೆಗೂ. ಲಂಡನ್ನಿನ ಹೆಂಡನ್‌ನಲ್ಲಿರುವ ಆರ್‌ಎಎಫ್ ಸಂಗ್ರಹಾಲಯದ ಕೆಎನ್751 ಈ ಗುಂಪಿನದೇ. ಎಚ್‌ಎಎಲ್ ಎಬ್ಬಿಸದಿದ್ದರೆ ಅವರಿಗೂ ಅದು ಉಳಿಯುತ್ತಿರಲಿಲ್ಲ.

ಇದು ಆದದ್ದಕ್ಕೆ ಕಾರಣ ಧೈರ್ಯ ಒಂದೇ ಅಲ್ಲ. 1943ರಿಂದ ಎಚ್‌ಎಎಲ್ ಅಮೆರಿಕನ್ ವಾಯುಪಡೆಯ 84ನೇ ಏರ್ ಡಿಪೋ ಆಗಿತ್ತು, ಅಂದರೆ ಇಂಚಿನ ಪಾನಾ, ಅಮೆರಿಕನ್ ಕೈಪಿಡಿ, ಕೈ ಪಳಗಿದ ಕೆಲಸಗಾರರು ಮೂರೂ ಮೊದಲೇ ಇಲ್ಲಿದ್ದವು. ಇನ್ನೊಂದು, ಲಿಬರೇಟರಿನ 14 ಸಿಲಿಂಡರಿನ ಪ್ರಾಟ್ ಅಂಡ್ ವಿಟ್ನಿ ಆರ್-1830 ಎಂಜಿನ್ ಕುಟುಂಬವೇ ಡಕೋಟಾ ಸಾಗಣೆ ವಿಮಾನದಲ್ಲೂ ಕ್ಯಾಟಲೀನಾ ಕಡಲ ವಿಮಾನದಲ್ಲೂ ಇದ್ದದ್ದು. ಟರ್ಬೊ ಮತ್ತು ಜೋಡಣೆ ಬೇರೆಯಾದರೂ ಮೂಲ ಎಂಜಿನ್ ಕೈಗೆ ಪರಿಚಯ. ರೆಶ್ಲಿನ್‌ನಲ್ಲಿ ಇಷ್ಟೆಲ್ಲ ಅನುಕೂಲ ಇರಲಿಲ್ಲ.

ಮರಳಿನ ಬಗ್ಗೆ ಒಂದು ತಾಂತ್ರಿಕ ಮಾತು. ಮರಳು ಹೋದ ಎಂಜಿನ್ ತೆಗೆದು ಬೇರೆ ಹಾಕಿದರೆ ಸಾಲದು. ಎಣ್ಣೆಯ ಕೊಳವೆ, ಟ್ಯಾಂಕ್, ಜೇನುಗೂಡಿನಂಥ ಎಣ್ಣೆ ಕೂಲರ್, ಇವೆಲ್ಲದರಲ್ಲೂ ಕಣ ಉಳಿದಿರುತ್ತದೆ. ಕೂಲರ್ ತೊಳೆದಂತೆ ಕಂಡರೂ ಎಣ್ಣೆ ಬಿಸಿಯಾಗಿ ತೆಳುವಾದಾಗ ಕಣ ಸಡಿಲಗೊಂಡು ಹೊಸ ಬೇರಿಂಗಿಗೆ ಹೋಗುತ್ತದೆ. ಕೂಲರ್ ಬದಲಿಸುವುದೇ ಸರಿ. ಬಿಸಿಲಿಗೆ ನಿಂತ ವಿಮಾನದಲ್ಲಿ ರಬ್ಬರ್ ಟ್ಯಾಂಕ್ ಚೀಲವೂ ಒಣಗಿ ಬಿರಿದಿರುತ್ತದೆ, ತುಂಬಿಸಿ ಒಂದು ರಾತ್ರಿ ಬಿಟ್ಟು ನೋಡದೆ ಎಂಜಿನ್ ಮುಟ್ಟಬಾರದು.

ಮೂಡಿಗೆರೆ_ಮಳೆ:

ಬಣ್ಣದ ವಿಷಯ. 1/72ರಲ್ಲಿ ರೆಕ್ಕೆ ತುದಿಯಿಂದ ತುದಿಗೆ 44 ಸೆಂ.ಮೀ. ಬರುತ್ತದೆ, ಒಣಗಿಸುವ ಪೆಟ್ಟಿಗೆಯನ್ನು ಮೊದಲೇ ಆ ಅಳತೆಗೆ ಮಾಡಿಕೊಳ್ಳಿ. ರಟ್ಟಿನ ಪೆಟ್ಟಿಗೆ, 40 ವಾಟ್‌ನ ಹಳೇ ಮಾದರಿಯ ಬಲ್ಬು, ಮೇಲೆ ಕೆಳಗೆ ಗಾಳಿ ತೂತು, ಒಳಗೆ ತಾಪಮಾಪಕ. ಬಲ್ಬು ರಟ್ಟಿಗೆ ತಾಗಬಾರದು, ಯಾರೂ ಇಲ್ಲದಾಗ ಉರಿಸಬಾರದು. 40 ಡಿಗ್ರಿ ದಾಟಬೇಡಿ, ತೆಳ್ಳನೆಯ ಭಾಗ ಸೊಟ್ಟಗಾಗುತ್ತದೆ.

ಅಡಿಭಾಗದ ಹಳದಿ ಮೊದಲು, ಮೇಲಿನ ಹಸಿರು ಆಮೇಲೆ. ಬೂದು ಪ್ರೈಮರ್ ಮೇಲೆ ಹಳದಿ ಹೊಡೆದರೆ ಕಾಯಿಬಣ್ಣ ಬರುತ್ತದೆ, ಎಷ್ಟು ಪದರ ಕೊಟ್ಟರೂ ಹೋಗದು. ಬಿಳಿ ಪ್ರೈಮರ್ ಕೊಟ್ಟು, ಮೂರು ನಾಲ್ಕು ತೆಳು ಪದರ, ನಡುವೆ 20 ನಿಮಿಷ. ಪೂರ್ತಿ ಒಂದು ದಿನ ಬಿಟ್ಟು ಟೇಪ್ ಕಟ್ಟಿ. ಮೇಲ್ಭಾಗ ಅಮೆರಿಕನ್ ಆಲಿವ್ ಹಸಿರೇ, ಜರ್ಮನ್ನರು ಅದನ್ನು ಹಾಗೇ ಬಿಟ್ಟಿದ್ದರು.

ಸೊನೆ ಮಳೆ ಹಿಡಿದ ದಿನ ಲ್ಯಾಕರ್ ಬಣ್ಣ ಹೊಡೆದರೆ ಮೇಲೆ ಬೂಷ್ಟಿನಂತೆ ಬಿಳಿಪು ಕೂರುತ್ತದೆ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ನೀರಾಗುವುದೇ ಕಾರಣ. ನಿಧಾನ ಆರುವ ರಿಟಾರ್ಡರ್ ಅನ್ನು ತಿನ್ನರಿನ ಹತ್ತರಲ್ಲಿ ಒಂದು ಪಾಲು ಸೇರಿಸಿ, ಮಾದರಿಯನ್ನು ಹೊಡೆಯುವ ಮೊದಲೇ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಾಡಿ. ಕಂಪ್ರೆಸರ್ ಟ್ಯಾಂಕಿನ ನೀರು ದಿನವೂ ಬಿಡಿ, ಇಲ್ಲದಿದ್ದರೆ ನಡುವೆ ಹನಿ ಉಗುಳುತ್ತದೆ. ಡೆಕಾಲ್ (ಗುರುತು ಅಚ್ಚಾದ ತೆಳು ಪಟಲ) ಅಂಟಿಸುವ ಮೊದಲು ಹೊಳಪಿನ ಕ್ಲಿಯರ್ ಕಡ್ಡಾಯ. ಮ್ಯಾಟ್ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ನಿಂತು ಬೆಳ್ಳಿಯಂತೆ ಮಿನುಗುತ್ತದೆ.

ಗುರುತಿನಲ್ಲಿ ಬಹಳ ಜನ ತಪ್ಪುವ ಜಾಗ ಒಂದಿದೆ. ಹಳೇ ಅಮೆರಿಕನ್ ನಕ್ಷತ್ರ ಅಳಿಸಿದ ತೇಪೆ ತೋರಿಸುವುದಾದರೆ ಅದು ಬರೀ ವೃತ್ತ ಆಗಿರಬೇಕು. ನಕ್ಷತ್ರದ ಎರಡು ಪಕ್ಕದ ಬಿಳಿ ಪಟ್ಟಿ ಬಂದದ್ದು 1943ರ ಜೂನ್ ಕೊನೆಗೆ, ಈ ವಿಮಾನ ಸಿಕ್ಕಿದ್ದು ಅದಕ್ಕೂ ಮುಂಚೆ. ತೇಪೆಯ ಹಸಿರನ್ನು ಸುತ್ತಲಿನದಕ್ಕಿಂತ ತುಸು ಗಾಢ ಮಾಡಿ, ಅದರ ಮೇಲೆ ಜರ್ಮನ್ ಶಿಲುಬೆ. ಪಕ್ಕದ ಅಕ್ಷರ ಡಿಎಲ್+ಎಕ್ಸ್‌ಸಿ, ಪ್ಲಸ್ ಇರುವ ಜಾಗದಲ್ಲಿ ಶಿಲುಬೆ ಬರುತ್ತದೆ. ಬಾಲದ ಚಿಹ್ನೆ 45 ಡಿಗ್ರಿ ವಾಲಿದ ನಾಜಿ ಹಾಕೆನ್‌ಕ್ರಾಯ್ಟ್ಸ್. ಪೂಜೆಯ ಸ್ವಸ್ತಿಕ ಅಲ್ಲ ಎಂದು ಮಾದರಿಯ ಕೆಳಗೆ ಒಂದು ಸಾಲು ಬರೆಯಿರಿ, ಶಾಲೆ ಮಕ್ಕಳು ಖಂಡಿತ ಕೇಳುತ್ತಾರೆ.

ಇಂಚಿನ_ಪಾನಾ (ಚಿಕ್ಕಮಗಳೂರು):

ಫಲಕದ ಪಕ್ಕ ಒಂದು ಹಲಗೆಯಲ್ಲಿ 7/16 ಇಂಚಿನ ನಟ್ಟು ಬಿಗಿದು, 11 ಮತ್ತು 12ರ ಪಾನಾ ದಾರದಲ್ಲಿ ಕಟ್ಟಿಡಿ. ಬಂದವರು ತಾವೇ ತಿರುಗಿಸಿ ನೋಡಲಿ. ನಟ್ಟು ಹಳೇ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಕಾಲು ಇಂಚಿನ ಬೋಲ್ಟಿನದು ಎಂದು ಕೇಳಿ. ತೆಗೆದುಕೊಳ್ಳುವ ಮುಂಚೆ ಅಗಲವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ, 11.1ರ ಆಸುಪಾಸು ಬರಬೇಕು. ಕಾಲು ಇಂಚಿನ ಹಳೇ ವಿಟ್‌ವರ್ತ್ (ಬ್ರಿಟಿಷ್ ಅಳತೆಯ) ನಟ್ಟು ಕೊಟ್ಟರೆ ಅದು ಬೇರೆ ಅಳತೆ, ಆಟ ಕೆಡುತ್ತದೆ.